ಹೊಸದಕ್ಕೆ ಹಾಕಿದ ಔಷಧಿ

ವ್ಯಾನಿನ ಹಿಂಬಾಗಿಲು ಇಳಿಸಿ ಪೋನಿಯನ್ನು ಅಂಗಳಕ್ಕೆ ತಂದಾಗ ನಾವೆಲ್ಲ ಅದರ ಮುಖ ನೋಡಿದೆವು. ನನ್ನ ಓರಗಿತ್ತಿ ಮಾತ್ರ ನೆಟ್ಟಗೆ ಅದರ ಹಿಂಭಾಗಕ್ಕೆ ಹೋಗಿ ನಿಂತಳು. ಬಾಲದ ಬುಡವನ್ನು ಗೋಡೆಗೆ ಉಜ್ಜಿ ಉಜ್ಜಿ ಅಲ್ಲಿ ಕೂದಲೇ ಉಳಿದಿರಲಿಲ್ಲ. ಅದನ್ನು ನೋಡಿದಳು, ವ್ಯಾನಿನೊಳಗೆ ಹತ್ತಿ ಅಲ್ಲಿ ಬಿದ್ದಿದ್ದ ಲದ್ದಿಯನ್ನು ಕಡ್ಡಿಯಿಂದ ಕೆದಕಿದಳು, ಇಳಿದು ಬಂದು ದಲ್ಲಾಳಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಪಾಪ, ಅವನು ಯಾಕೋ ತನ್ನ ಜೇಬು ಮುಟ್ಟಿ ನೋಡಿಕೊಂಡ.

"ಇದನ್ನ ಕುದುರೆ ಅಂತ ಯಾರು ಹೇಳಿದ್ದು? ಹುಳದ ಮೂಟೆಗೆ ನಾಲ್ಕು ಕಾಲು ಹಚ್ಚಿದ್ದಾರೆ," ಅಂದಳು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಎದುರಿಗೆ 'ಅಕ್ಕ, ನೀವು' ಅನ್ನುತ್ತೇನೆ. ಬೆನ್ನ ಹಿಂದೆ ಇಡೀ ಬೀದಿಯೇ ಅವಳನ್ನು ಜರಡಿಯಕ್ಕ ಅನ್ನುತ್ತದೆ. ಬರೆಯುವಾಗ ಏಕವಚನ ತಾನಾಗಿ ಬರುತ್ತಿದೆ. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಮೊಣಕೈ ತಾಗಿಸಿಕೊಂಡು ಬಾಳಿದ್ದಕ್ಕೆ ಅಷ್ಟಾದರೂ ಸಲಿಗೆ ಇರಲಿ. ತವುಡಿನ ಚೀಲ ಬಂದರೆ ಜರಡಿ ಹಿಡಿಯದೆ ಒಂದು ಹಿಡಿಯನ್ನೂ ಅವಳು ಒಳಗೆ ಬಿಡುವುದಿಲ್ಲ, ಹೆಸರು ಬಂದದ್ದು ಅದರಿಂದ. ಆದರೆ ಅವಳು ಜರಡಿ ಹಿಡಿಯುವುದು ತವುಡನ್ನು ಮಾತ್ರ ಅಂತ ತಿಳಿದರೆ ನೀವು ಕೆಟ್ಟಿರಿ. ನನಗೆ ತಲೆನೋವು ಅಂದರೆ ಯಾವ ಕಡೆ ಅಂತ ಕೇಳುತ್ತಾಳೆ. ಎಡಗಡೆ ಅಂದರೆ, "ಹೋದ ಸಲ ಬಲಗಡೆ ಅಂದಿದ್ದೆ," ಅನ್ನುತ್ತಾಳೆ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಅಂತ ಅರ್ಥ. ನಗದೆ ಹೋದರೆ ಇನ್ನೂ ಜಾಸ್ತಿ ಬಿದ್ದಿದೆ ಅಂತ.

ನಮ್ಮ ಮನೆಯ ಒಂದು ಪಕ್ಕ ಟೈರಿಗೆ ಪಂಕ್ಚರ್ ಹಾಕುವ ಅಂಗಡಿ, ಇನ್ನೊಂದು ಪಕ್ಕ ದರ್ಜಿಯ ಅಂಗಡಿ. ಮನೆ ದಾಟಿ ಹಿಂದೆ ಹೋದರೆ ಕಲ್ಲು ಹಾಸಿದ ಅಂಗಳ, ಅದರಾಚೆ ಲಾಯ, ಲಾಯದ ಹಿಂದೆ ಬೇಲಿ ಹಾಕಿದ ಹುಲ್ಲುಗಾವಲು. ಐದು ಪೋನಿಗಳಿವೆ. ರಜೆಯ ದಿನ ಉದ್ಯಾನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕುತ್ತವೆ, ಉಳಿದ ದಿನ ಸವಾರಿ ಕಲಿಯುವ ಮಕ್ಕಳು ಇಲ್ಲಿಗೇ ಬರುತ್ತಾರೆ. ಭಾವ ಲಾಳ ಹೊಡೆಯುತ್ತಾರೆ, ಸವಾರಿ ಕಲಿಸುತ್ತಾರೆ. ನನ್ನ ಗಂಡ ಜೀನು ಹೊಲಿಯುತ್ತಾರೆ, ಗಾಡಿ ಓಡಿಸುತ್ತಾರೆ. ಮೈ ಉಜ್ಜುವುದು, ಮಕ್ಕಳನ್ನು ಹತ್ತಿಸಿ ಇಳಿಸುವುದು ನನ್ನ ಪಾಲು. ಹೊಟ್ಟೆಗೆ ಹೋಗುವುದು ಮತ್ತು ಹೊಟ್ಟೆಯಿಂದ ಬರುವುದು, ಎರಡೂ ಅಕ್ಕನ ಸುಪರ್ದಿ.

ಅವಳ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಎಲ್ಲಿಂದಲೋ ಒಂದು ಪೋನಿ ಬಂತು. ಯಾರೂ ಏನೂ ಪರೀಕ್ಷೆ ಮಾಡದೆ ಅದನ್ನು ನೇರವಾಗಿ ಉಳಿದವುಗಳ ಜೊತೆ ಮೇಯಲು ಬಿಟ್ಟರು. ಅದರ ಹೊಟ್ಟೆಯ ಹುಳ ಹುಲ್ಲಿಗೆ ಇಳಿದು ಎಲ್ಲವಕ್ಕೂ ಹತ್ತಿತು. ಅಕ್ಕ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ ಕಂದು ಬಣ್ಣದ ಹೆಣ್ಣು ಪೋನಿ ಹೊಟ್ಟೆನೋವಿನಿಂದ ಹೊರಳಾಡಿ ಅವಳ ಕಣ್ಣೆದುರೇ ಸತ್ತುಹೋಯಿತು. ಅಂದಿನಿಂದ ಅವಳು ಮೊದಲು ಲದ್ದಿ ನೋಡುತ್ತಾಳೆ, ಆಮೇಲೆ ಮುಖ.

ಇಷ್ಟೆಲ್ಲ ಗೊತ್ತಿದ್ದೂ ಈ ಪೋನಿಯನ್ನು ತರಿಸಿದವಳು ನಾನೇ. ಅಕ್ಕನಿಗೆ ದವಡೆ ಹಲ್ಲು ನೋವು ಹತ್ತಿ ದಂತವೈದ್ಯರ ಹತ್ತಿರ ಹೋಗಿದ್ದ ಹೊತ್ತಿಗೇ ದಲ್ಲಾಳಿ ಗೇಟಿನ ಹತ್ತಿರ ಬಂದ. ಸಸಿ ಮಾರುವವನೊಬ್ಬನ ಗಾಡಿ ಎಳೆಯುತ್ತಿದ್ದ ಪೋನಿಯಂತೆ. ಮುದುಕ ತೀರಿಕೊಂಡ ಮೇಲೆ ಮಕ್ಕಳು ಅದನ್ನು ಶೆಡ್ಡಿನಲ್ಲಿ ಕಟ್ಟಿ ಮರೆತುಬಿಟ್ಟರಂತೆ.

"ನಿಮಗೆ ಬೇಡ ಅಂದ್ರೆ ಇಲ್ಲಿಂದ ಸೀದಾ ಕಟುಕರ ಹತ್ರನೇ ಅಮ್ಮ," ಅಂದ.

ನನ್ನ ಬಾಯಿ ನನ್ನ ಮಾತು ಕೇಳಿದ್ದು ಯಾವಾಗ? ತಂದುಬಿಡಿ ಅಂದುಬಿಟ್ಟೆ. ಅಕ್ಕ ಕೆನ್ನೆ ಊದಿಸಿಕೊಂಡು ಮನೆಗೆ ಬರುವ ಹೊತ್ತಿಗೆ ಮಾತು ಕೊಟ್ಟಾಗಿತ್ತು.

ಅದರ ಸ್ಥಿತಿ ಹೇಳುವ ಹಾಗಿರಲಿಲ್ಲ. ಉದ್ದ ಕೂದಲಿನ ಅಡಿಯಲ್ಲಿ ಕೈಯಾಡಿಸಿದರೆ ಬೆರಳಿಗೆ ಪಕ್ಕೆಲುಬು ಸಿಗುತ್ತಿತ್ತು, ಹೊಟ್ಟೆ ಮಾತ್ರ ಗುಡಾಣ. ಗೊರಸು ಬೆಳೆದು ಮುಂದಕ್ಕೆ ಚಪ್ಪಲಿಯಂತೆ ಚಾಚಿಕೊಂಡಿದ್ದವು. ಯಾರು ಹತ್ತಿರ ಬಂದರೂ ಕಿವಿ ಹಿಂದಕ್ಕೆ ಒತ್ತಿ, ಗೋಡೆಗೆ ಮೈ ಅಂಟಿಸಿ, ಒಂದೇ ಕಣ್ಣಿನಿಂದ ನೋಡುತ್ತಿತ್ತು. ಆ ನೋಟ ನನಗೆ ಪರಿಚಿತ. ತವುಡಿನ ಚೀಲ ಬಿಚ್ಚುವಾಗ ಅಕ್ಕ ನೋಡುವುದೂ ಹಾಗೇ.

ಮುರಿದ ಗಾಡಿಗಳನ್ನು ತುಂಬಿಟ್ಟಿದ್ದ ಮೂಲೆ ಕೋಣೆಯನ್ನು ಖಾಲಿ ಮಾಡಿ ಅದರಲ್ಲಿ ಹೊಸ ಪ್ರಾಣಿಯನ್ನು ಇಟ್ಟೆವು. ಅದಕ್ಕೆ ಬೇರೆ ಬಕೆಟ್ಟು, ಬೇರೆ ಪೊರಕೆ, ಲದ್ದಿ ಹಾಕಲು ಮುಚ್ಚಳವಿರುವ ಬೇರೆ ಡಬ್ಬ. ಬಾಗಿಲ ಹೊರಗೆ ಎರಡು ಜೊತೆ ರಬ್ಬರ್ ಚಪ್ಪಲಿ.

"ನಾನು, ಇವಳು, ಇಬ್ಬರೇ ಒಳಗೆ ಹೋಗೋದು. ಬೇರೆ ಯಾರಾದ್ರೂ ಮೂಲೆ ಕೋಣೆಗೆ ಕಾಲಿಟ್ರೆ ಕಾಲು ಮುರೀತೀನಿ," ಅಂತ ಅಕ್ಕ ಗಂಡಸರಿಬ್ಬರಿಗೂ ಸಾರಿದಳು. ಚಪ್ಪಲಿಯ ಅಡಿಗೆ ಅಂಟಿಕೊಂಡು ಹುಳದ ಮೊಟ್ಟೆ ಉಳಿದ ಲಾಯಕ್ಕೆ ಹೋಗುತ್ತದೆ ಅನ್ನುವುದು ಅವಳ ಭಯ. ಪೋನಿಯನ್ನು ನೋಡಲು ಬಂದ ಪಶುವೈದ್ಯೆ ಡಾಕ್ಟರಮ್ಮ ಆ ಭಯ ಸರಿ ಅಂದರು.

ಡಾಕ್ಟರಮ್ಮ ಲದ್ದಿಯನ್ನು ಪರೀಕ್ಷೆಗೆ ಒಯ್ದು, ಮಾರನೆಯ ದಿನ ಬಂದು ಹೇಳಿದರು, "ಮೊಟ್ಟೆ ಎಣಿಸೋಕೇ ಆಗಲ್ಲ, ಅಷ್ಟಿದೆ. ಆದ್ರೂ ಇವತ್ತೇ ಔಷಧಿ ಬೇಡ, ತುಂಬಾ ಸೊರಗಿದೆ. ಸ್ವಲ್ಪ ಸ್ವಲ್ಪ ಒಣಹುಲ್ಲು ಕೊಡ್ತಾ ಹೋಗಿ. ಪಾಪ ಅಂತ ಒಂದೇ ಸಲ ರಾಶಿ ಸುರೀಬೇಡಿ, ಅದೇ ಪ್ರಾಣ ತೆಗೆಯುತ್ತೆ. ಚೇತರಿಸ್ಕೊಂಡ ಮೇಲೆ ಔಷಧಿ ಹಾಕೋಣ."

ಕೆಲವು ದಿನ ಬಿಟ್ಟು ಬಂದು ಎದೆಯ ಸುತ್ತ ಟೇಪು ಹಿಡಿದು ತೂಕದ ಅಂದಾಜು ಮಾಡಿದರು. ಅಷ್ಟಕ್ಕೇ ನಾನು ಒಂದು ಒದೆ ತಿಂದೆ. ದಪ್ಪ ಸಿರಿಂಜಿನಲ್ಲಿ ಬಿಳಿ ಪೇಸ್ಟಿನಂಥ ಔಷಧಿ, ಅದರ ಹಿಡಿಕೆಯ ಮೇಲೆ ಒಂದು ಬಳೆ. ಬಳೆಯನ್ನು ಪೋನಿಯ ತೂಕಕ್ಕೆ ತಿರುಗಿಸಿಟ್ಟರೆ ಬೇಕಾದಷ್ಟೇ ಔಷಧಿ ಹೊರಗೆ ಬರುತ್ತದೆ. ಡಾಕ್ಟರಮ್ಮ ತಾವೇ ತಿರುಗಿಸಿ, "ನಾಳೆ ಬೆಳಿಗ್ಗೆ ನಾಲಿಗೆಯ ಹಿಂದಕ್ಕೆ ಹಾಕಿ. ಎರಡು ವಾರ ಆದ್ಮೇಲೆ ಮತ್ತೆ ಲದ್ದಿ ನೋಡ್ತೀನಿ," ಅಂತ ಅಕ್ಕನ ಕೈಗೆ ಕೊಟ್ಟು ಹೋದರು.

ಅಂದೇ ಊಟಕ್ಕೆ ಕೂತಾಗ ಭಾವ ಬಾಯಿ ಬಿಟ್ಟರು. ಅವರು ಬಾಯಿ ಬಿಡುವುದೇ ಅಪರೂಪ, ಬಿಟ್ಟರೆ ಅದು ಶಾಸನ.

"ಐದು ಜೀವ ಇದೆ ಇಲ್ಲಿ. ಎರಡನೇ ಪರೀಕ್ಷೆಯಲ್ಲಿ ಕಮ್ಮಿ ಆಗಿದ್ರೆ ಇರುತ್ತೆ. ಔಷಧಿ ಹಾಕಿದ ಮೇಲೂ ಹಾಗೇ ಇದ್ರೆ ದಲ್ಲಾಳಿಗೆ ವಾಪಸ್. ಆಮೇಲೆ ಯಾರೂ ಅಳಬಾರದು."

ಯಾರೂ ಅಂದಾಗ ನನ್ನನ್ನೇ ನೋಡಿದರು. ದಲ್ಲಾಳಿ ವಾಪಸ್ ಒಯ್ದರೆ ಪೋನಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ನಾನು, ಭಾವ ಉದ್ಯಾನಕ್ಕೆ ಹೊರಡಬೇಕಿತ್ತು. ಅಕ್ಕನ ಕೆನ್ನೆ ಮತ್ತೆ ಊದಿಕೊಂಡು ಹಲ್ಲು ಕೀಳಿಸಲೇಬೇಕಾಗಿ ಬಂತು. ನೋವಿಗೆ ಲವಂಗದ ಎಣ್ಣೆಯ ಹತ್ತಿಯನ್ನು ಬಾಯಲ್ಲಿ ಒತ್ತಿಕೊಂಡೇ ಸಿರಿಂಜನ್ನು ನನ್ನ ಗಂಡನ ಕೈಗಿತ್ತು ಏನೋ ಹೇಳಿ ರಿಕ್ಷಾ ಹತ್ತಿದಳು. ಸಂಜೆ ನಾವು ಬಂದಾಗ ನಮ್ಮವರು ಜೀನು ಹೊಲಿಯುತ್ತ ಕೂತಿದ್ದರು.

"ಔಷಧಿ ಹಾಕಿದ್ರಾ?" ಅಂತ ಕೇಳಿದೆ.

"ಹಾಕಾಯ್ತು."

"ಒದೀಲಿಲ್ವಾ?"

"ಏನೂ ತಕರಾರು ಮಾಡ್ಲಿಲ್ಲ."

ನನಗೆ ಎಷ್ಟು ಖುಷಿಯಾಯಿತೆಂದರೆ ಅದು ಹೇಗೆ ಅಂತ ಕೇಳಲೇ ಇಲ್ಲ. ಅಕ್ಕ ಖಾಲಿ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಡಬ್ಬಕ್ಕೆ ಎಸೆದಳು. ಮಾತಾಡುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಪತ್ತೇದಾರಿ.

ದಿನಾ ಬೆಳಿಗ್ಗೆ ಅಕ್ಕ ಮೂಲೆ ಕೋಣೆಯ ಲದ್ದಿಯನ್ನು ಕೆದಕುತ್ತಿದ್ದಳು. ಅಷ್ಟು ಮೊಟ್ಟೆ ಇದ್ದ ಹೊಟ್ಟೆಗೆ ಔಷಧಿ ಬಿದ್ದರೆ ಸತ್ತ ಹುಳ ಕಣ್ಣಿಗೆ ಕಾಣಬೇಕಿತ್ತು. ಒಂದೂ ಕಾಣಲಿಲ್ಲ. ಮೊದಲು ಡಾಕ್ಟರಮ್ಮನಿಗೆ ಸಿರಿಂಜು ಮಾರಿದ ಔಷಧಿ ಅಂಗಡಿಯವನ ಮೇಲೆ ಅವಳ ಕಣ್ಣು ಬಿತ್ತು. ಅವನು ನಕಲಿ ಮಾಲು ಕೊಟ್ಟಿದ್ದಾನೆ, ಅದಕ್ಕೇ ನಮ್ಮ ಬೀದಿಯಲ್ಲಿ ಬರುವಾಗ ತಲೆ ತಗ್ಗಿಸುತ್ತಾನೆ. ಆಮೇಲೆ ಡಾಕ್ಟರಮ್ಮನ ಸರದಿ. ಅವರ ಕನ್ನಡಕದ ನಂಬರು ಸರಿಯಿಲ್ಲ, ಬಳೆಯನ್ನು ತಪ್ಪು ಗೆರೆಗೆ ತಿರುಗಿಸಿದ್ದಾರೆ. ಆಮೇಲೆ ದಲ್ಲಾಳಿ. ಅವನು ಪೋನಿಗೆ ಮೊದಲೇ ಏನೋ ತಿನ್ನಿಸಿ ತಂದಿದ್ದಾನೆ, ಅದಕ್ಕೆ ಔಷಧಿ ನಾಟುತ್ತಿಲ್ಲ. ಕೊನೆಗೆ ಎಲ್ಲರನ್ನೂ ಸುತ್ತಿ ಬಂದು ನನ್ನ ಹತ್ತಿರ ನಿಂತಳು.

"ನೀನು ಅದಕ್ಕೆ ಕದ್ದು ಏನು ತಿನ್ನಿಸ್ತಿದೀಯಾ?"

"ನಾನ್ಯಾಕೆ ತಿನ್ನಿಸ್ಲಿ ಅಕ್ಕ?"

"ನಿನ್ನ ಕೈ ಸೇಬಿನ ವಾಸನೆ ಹೊಡೀತಿದೆ."

ವಾಸನೆ ಹೊಡೆಯುತ್ತಿದ್ದುದು ನಿಜ. ನಾನು ದಿನಾ ಮಧ್ಯಾಹ್ನ ಮೂಲೆ ಕೋಣೆಯಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದೆ. ಪೋನಿಯನ್ನು ನೋಡುತ್ತಿರಲಿಲ್ಲ. ಕಡಿವಾಣದ ಪಟ್ಟಿಗಳಿಗೆ ಎಣ್ಣೆ ಹಚ್ಚುತ್ತ, ಮನೆಯ ಸುದ್ದಿಯನ್ನು, ಮುಖ್ಯವಾಗಿ ಅಕ್ಕನ ಸುದ್ದಿಯನ್ನು, ಅದಕ್ಕೆ ಹೇಳುತ್ತಿದ್ದೆ. ಪೊರಕೆ ಕೈಗೆತ್ತಿಕೊಂಡರೆ ಅದು ನಡುಗುತ್ತಿತ್ತು, ಆದ್ದರಿಂದ ಗುಡಿಸುವ ಕೆಲಸವನ್ನು ಕೈಯಲ್ಲೇ ಮಾಡಿದೆ. ಮೊದಮೊದಲು ನಾನಿದ್ದರೆ ಹುಲ್ಲು ಮುಟ್ಟುತ್ತಿರಲಿಲ್ಲ. ಆಮೇಲೆ ನನಗೆ ಬೆನ್ನು ಹಾಕಿ ತಿನ್ನತೊಡಗಿತು. ಒಂದು ದಿನ ಎದುರು ತಿರುಗಿ ತಿಂದಿತು. ಇನ್ನೊಂದು ದಿನ ಅದರ ಮೂಗು ನನ್ನ ಭುಜಕ್ಕೆ ತಾಗಿತು, ನಾನು ಎಣ್ಣೆ ಹಚ್ಚುತ್ತಲೇ ಕೂತೆ. ಮುಂದೆ ಬಾಯಿಗೆ ಔಷಧಿ ಹಾಕುವುದು ಇದ್ದೇ ಇರುತ್ತದೆ, ಈಗಲೇ ಸಿರಿಂಜಿನ ಭಯ ಬಿಡಿಸೋಣ ಅಂತ, ತೊಳೆದ ಹಳೆಯ ಸಿರಿಂಜೊಂದಕ್ಕೆ ಸೇಬು ಅರೆದು ತುಂಬಿ ತುಟಿಗೆ ತಾಗಿಸುತ್ತಿದ್ದೆ. ಅಕ್ಕನಿಗೆ ಹೇಳಿದರೆ ಸೇಬಿಗೂ ಜರಡಿ ಹಿಡಿಯುತ್ತಾಳೆ ಅಂತ ಹೇಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ನಮ್ಮವರು ಒಂದು ದಿನ ಸೂಜಿಗೆ ದಾರ ಪೋಣಿಸುತ್ತ, "ಅತ್ತಿಗೆಗೆ ಆ ಪೋನಿ ಮೊದಲಿಂದ್ಲೂ ಇಷ್ಟ ಇಲ್ಲ ಅಲ್ವಾ?" ಅಂದರು. ಅವರು ಸುಮ್ಮನೆ ಅಂದದ್ದು. ಆದರೆ ಮಹಾರಾಯರು ನನ್ನ ತಲೆಗೆ ಹುಳ ಬಿಟ್ಟಾಗಿತ್ತು.

ಹೌದಲ್ಲ ಅನ್ನಿಸಿತು. ಸಿರಿಂಜು ಅವಳ ಹತ್ತಿರ ಒಂದು ರಾತ್ರಿ ಇತ್ತು. ಔಷಧಿ ತೆಗೆದು ಬೇರೆ ಏನಾದರೂ ತುಂಬಿರಬಹುದು. ಪೋನಿ ಕಿರಿಕಿರಿ ಮಾಡದೆ ತೆಗೆದುಕೊಂಡಿತಂತೆ. ಹಿಟ್ಟು ಕಲಸಿ ತುಂಬಿದ್ದರೆ ಯಾಕೆ ಕಿರಿಕಿರಿ ಮಾಡುತ್ತದೆ? ಖಾಲಿ ಸಿರಿಂಜನ್ನು ಅವಳು ಅಷ್ಟು ಬೇಗ ಡಬ್ಬಕ್ಕೆ ಎಸೆದದ್ದು ಯಾಕೆ? ಪೋನಿಯನ್ನು ಕಳಿಸಬೇಕಾದರೆ ಎರಡನೇ ಪರೀಕ್ಷೆ ಕೆಡಬೇಕು. ಕೆಡಿಸಲು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೀಗೆ ಒಂದಕ್ಕೊಂದು ಗಂಟು ಹಾಕುತ್ತ ಹೋದೆ. ಅವಳು ನೀರಿನ ಬಕೆಟ್ಟು ಇಟ್ಟು ಹೋದರೆ ನಾನು ಹೋಗಿ ಚೆಲ್ಲಿ ಬೇರೆ ನೀರು ತುಂಬಿಸುತ್ತಿದ್ದೆ. ಅವಳು ಹುಲ್ಲು ಹಾಕಿದರೆ ಮೂಸಿ ನೋಡುತ್ತಿದ್ದೆ. ಅವಳು ಬಾಗಿಲ ಸಂದಿಯಿಂದ ನನ್ನನ್ನು ನೋಡುತ್ತಿದ್ದಳು, ನಾನು ಕಿಟಕಿಯಿಂದ ಅವಳನ್ನು. ನಡುವೆ ನಿಂತ ಪೋನಿ ನಮ್ಮಿಬ್ಬರನ್ನೂ ನೋಡುತ್ತಿತ್ತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಿಶ್ಚಿಂತೆಯಿಂದ ಇದ್ದವು ಅಂದರೆ ಅದರ ಹೊಟ್ಟೆಯ ಹುಳಗಳು ಮಾತ್ರ.

ಎರಡು ವಾರ ಕಳೆಯಿತು. ಡಾಕ್ಟರಮ್ಮ ಬಂದು ಲದ್ದಿ ಒಯ್ದರು. ಮಾರನೆಯ ದಿನ ಅಂಗಳದಲ್ಲಿ ನಿಂತು, ತಮಗೇ ನಂಬಿಕೆ ಇಲ್ಲದವರಂತೆ ಹೇಳಿದರು.

"ಕಮ್ಮಿ ಆಗೇ ಇಲ್ಲ. ನನಗೂ ಅರ್ಥ ಆಗ್ತಿಲ್ಲ. ಔಷಧಿಗೆ ಬಗ್ಗದ ಹುಳ ಇದ್ರೂ ಇರಬಹುದು. ಹಾಗಿದ್ರೆ ಅದು ಉಳಿದವಕ್ಕೆ ಹರಡಿದ್ರೆ ಕಷ್ಟ."

ಭಾವ ಫೋನು ತೆಗೆದು ದಲ್ಲಾಳಿಯ ಹತ್ತಿರ ಮಾತಾಡಿದರು. ಅವನು ಪಕ್ಕದ ಬಡಾವಣೆಯಲ್ಲೇ ಇದ್ದನಂತೆ, ಮಧ್ಯಾಹ್ನದೊಳಗೆ ವ್ಯಾನು ತರುತ್ತೇನೆ ಅಂದನಂತೆ. ಅಕ್ಕ ಡಾಕ್ಟರಮ್ಮನ ಕೈಚೀಲವನ್ನೇ ನೋಡುತ್ತ, "ನಾನು ಮೊದಲೇ ಹೇಳಿದ್ದೆ, ಇದರಲ್ಲಿ ಏನೋ ಇದೆ ಅಂತ," ಅಂದಳು.

ಅಷ್ಟು ಸಾಕಾಯಿತು ನನಗೆ.

"ಏನೋ ಇರೋದು ನಿನ್ನಲ್ಲಿ!" ಅಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಎದುರಿಗೆ ಏಕವಚನ ಬಂತು. "ಔಷಧಿ ನೀನೇ ಚೆಲ್ಲಿದ್ದೀಯಾ. ಸಿರಿಂಜಿಗೆ ಏನು ತುಂಬಿಸಿ ಕೊಟ್ಟೆ ಹೇಳು. ಅದು ಸಾಯ್ಲಿ ಅಂತಾನೇ ನೀನು ಕಾಯ್ತಿದ್ದದ್ದು. ನಾನು ತಂದದ್ದು ಅನ್ನೋ ಒಂದೇ ಹೊಟ್ಟೆಕಿಚ್ಚಿಗೆ."

ಪಂಕ್ಚರ್ ಅಂಗಡಿಯ ಪಂಪು ನಿಂತದ್ದು ಕೇಳಿಸಿತು. ನನ್ನ ಕೂಗು ಅಲ್ಲಿಯವರೆಗೂ ಕೇಳಿಸಿತ್ತು ಅಂತ ಆಗ ತಿಳಿಯಿತು. ಅಕ್ಕ ಜಗಳಕ್ಕೆ ಬರುತ್ತಾಳೆ ಅಂತ ಸೆರಗು ಬಿಗಿದು ನಿಂತೆ. ಅವಳು ಬರಲಿಲ್ಲ. ಅವಳ ಮುಖದ ರಕ್ತ ಇಳಿದುಹೋಯಿತು. ಎಲ್ಲರನ್ನೂ ಅನುಮಾನಿಸುವ ಆ ಹೆಂಗಸನ್ನು ಅಲ್ಲಿಯವರೆಗೆ ಯಾರೂ ಅನುಮಾನಿಸಿರಲಿಲ್ಲ. ಹೋಗಿ ಬಾವಿಕಟ್ಟೆಯ ಮೇಲೆ ಕೂತಳು.

ಅಲ್ಲಿಂದಲೇ ನನ್ನ ಗಂಡನನ್ನು ಕರೆದಳು. ದನಿ ಸಣ್ಣದಾಗಿತ್ತು, ಪ್ರಶ್ನೆ ಮಾತ್ರ ಎಂದಿನ ಹಾಗೇ ಪೊಲೀಸರದ್ದು.

"ಅವತ್ತು ಸಿರಿಂಜು ನಿನ್ನ ಕೈಗೆ ಕೊಟ್ನಲ್ಲ. ಆಮೇಲೆ ಏನು ಮಾಡ್ದೆ? ಒಂದೂ ಬಿಡದೆ ಹೇಳು."

"ಏನು ಮಾಡ್ಲಿ ಅತ್ತಿಗೆ, ಲಾಯಕ್ಕೆ ಹೋದೆ. ಬಾಯಿ ಬಿಡಿಸಿ ಹಾಕ್ದೆ."

"ಬಾಯಿ ಬಿಟ್ಟಿತಾ?"

"ಬಿಡಿಸೋದೇನು, ಅದೇ ನೆಕ್ಕಿಬಿಡ್ತು."

"ನೆಕ್ಕಿತಾ?" ಅಕ್ಕ ಎದ್ದು ನಿಂತಳು.

"ಹೊಸದು ಯಾವಾಗ್ಲೂ ನೆಕ್ಕುತ್ತಲ್ಲ ಅತ್ತಿಗೆ. ಕೈಯಲ್ಲಿ ಏನಿದ್ರೂ ನೆಕ್ಕುತ್ತೆ."

ನಮ್ಮೆಲ್ಲರ ತಲೆಯೂ ಒಟ್ಟಿಗೆ ಲಾಯದ ಕಡೆ ತಿರುಗಿತು. ಅಲ್ಲಿ ಬಿಳಿ ಮೂತಿಯ ಹೆಣ್ಣು ಪೋನಿ ಅಡ್ಡಗಂಬವನ್ನು ನೆಕ್ಕುತ್ತ ನಿಂತಿತ್ತು.

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಾಟಲಿ ಹಾಲಿನ ಪೋನಿ ಸತ್ತ ಮೇಲೆ ಅದರ ಜಾಗಕ್ಕೆ ಬಂದದ್ದು ಈ ಬಿಳಿ ಮೂತಿ. ಇದಕ್ಕೇನು ಹೆಸರಿಡೋಣ ಅಂತ ಕೇಳಿದಾಗ, "ಮೊದಲು ಬದುಕಿ ತೋರಿಸ್ಲಿ, ಆಮೇಲೆ ಹೆಸರು," ಅಂದಿದ್ದಳು ಅಕ್ಕ. ಅದು ಬದುಕಿತು, ಗುಂಡಗಾಯಿತು, ನೂರಾರು ಮಕ್ಕಳನ್ನು ಹೊತ್ತಿತು. ಅಕ್ಕನ ಪರೀಕ್ಷೆ ಮಾತ್ರ ಮುಗಿಯಲೇ ಇಲ್ಲ. ಅಲ್ಲಿಯವರೆಗೆ ಅದನ್ನು ಕರೆಯಬೇಕಲ್ಲ, ಹೊಸದು ಅಂದೆವು. 'ಹೊಸದಕ್ಕೆ ನೀರಿಟ್ಯಾ', 'ಹೊಸದರ ಲಾಳ ಸಡಿಲ ಆಗಿದೆ'. ಅದರ ಹಲ್ಲು ಹಳದಿ ಬಣ್ಣಕ್ಕೆ ತಿರುಗಿತು, ನಮ್ಮ ಬಾಯಲ್ಲಿ ಅದು ಹೊಸದಾಗಿಯೇ ಉಳಿಯಿತು. ಮೂಲೆ ಕೋಣೆಯದನ್ನು ನಮ್ಮವರು 'ಮೂಲೇದು' ಅನ್ನುತ್ತಿದ್ದರು. ನಾನು 'ಪಾಪದ್ದು' ಅನ್ನುತ್ತಿದ್ದೆ. ಅಕ್ಕ ಒಬ್ಬಳ ತಲೆಯಲ್ಲಿ ಅದೂ ಹೊಸದೇ.

"ನಾನು ನಿನಗೆ ಏನು ಹೇಳ್ದೆ ಅವತ್ತು?"

"ಬಾಯಲ್ಲಿ ಹತ್ತಿ ಇತ್ತಲ್ಲ ನಿಮಗೆ. 'ಹೊಸದಕ್ಕೆ ಹಾಕು' ಅಂದ್ರಿ. ಅಷ್ಟೇ."

"ಮೂಲೆ ಕೋಣೆಗೆ ಹೋಗ್ಬೇಕು ಅಂತ ಹೊಳೀಲಿಲ್ವಾ ನಿನಗೆ?"

"ಕಾಲು ಮುರೀತೀನಿ ಅಂದಿದ್ರಲ್ಲ ಅತ್ತಿಗೆ."

ಭಾವ ಮಾತ್ರ ಒಂದು ಸಲ ನಕ್ಕರು, ಆಮೇಲೆ ನಮ್ಮ ಮುಖ ನೋಡಿ ನಿಲ್ಲಿಸಿದರು. ಡಾಕ್ಟರಮ್ಮ ಹೋಗಿ ಬಿಳಿ ಮೂತಿಯನ್ನು ನೋಡಿ ಬಂದರು, ಅದಕ್ಕೆ ಏನೂ ಆಗಿರಲಿಲ್ಲ. ಕೈಚೀಲದಿಂದ ಇನ್ನೊಂದು ಸಿರಿಂಜು ತೆಗೆದು ಬಳೆ ತಿರುಗಿಸಿದರು. ಅಷ್ಟರಲ್ಲಿ ಗೇಟಿನ ಹತ್ತಿರ ವ್ಯಾನಿನ ಸದ್ದಾಯಿತು.

ಅಕ್ಕ ರಬ್ಬರ್ ಚಪ್ಪಲಿಗೆ ಕಾಲು ತೂರಿಸಿ ಮೂಲೆ ಕೋಣೆಯ ಬಾಗಿಲಲ್ಲಿ ನಿಂತಳು. ಅವಳ ಕೈಯಲ್ಲಿ ಸಿರಿಂಜು ಕಂಡದ್ದೇ ಪೋನಿ ಕಿವಿ ಒತ್ತಿ ಗೋಡೆಗೆ ಸರಿಯಿತು. ಅವಳು ಒಂದು ಹೆಜ್ಜೆ ಇಟ್ಟಳು, ಅದು ಹಿಂಗಾಲು ಎತ್ತಿತು. ಅಕ್ಕ ಅಲ್ಲೇ ನಿಂತು, ನನ್ನ ಮುಖ ನೋಡದೆ, ಸಿರಿಂಜನ್ನು ನನ್ನ ಕಡೆ ಚಾಚಿದಳು.

"ಅದು ನನ್ನ ಕೈಯಿಂದ ತಗೊಳಲ್ಲ. ನೀನು ಹಾಕು."

ಚಪ್ಪಲಿ ಮೆಟ್ಟಿ ಒಳಗೆ ಹೋದೆ. ಸಿರಿಂಜಿನ ತುದಿಗೆ ಸೇಬಿನ ರಸ ಸವರಿದೆ. ಕದ್ದು ಇಟ್ಟಿದ್ದ ಸೇಬು ಗೋಡೆಯ ಗೂಡಿನಿಂದ ಹೊರಗೆ ಬಂದದ್ದನ್ನು ಅಕ್ಕ ನೋಡಿದಳು. ಬಕೆಟ್ಟಿನ ಮೇಲೆ ಕೂತೆ. ದಲ್ಲಾಳಿ ಅಂಗಳಕ್ಕೆ ಬಂದು, "ಎಲ್ಲಿ ತಾಯಿ, ಹೊರಡಿಸೋಣ್ವಾ?" ಅಂತ ಕೂಗಿದ. ಪೋನಿ ಬೆಚ್ಚಿತು. ಅಕ್ಕ ತಿರುಗಿ ಒಂದು ನೋಟ ನೋಡಿದಳು, ಅವನು ಕೂಗಿದ ಬಾಯಿಯನ್ನು ಹಾಗೇ ಮುಚ್ಚಿಕೊಂಡ. ನಾನು ಮನೆಯ ಸುದ್ದಿ ಹೇಳತೊಡಗಿದೆ. ಬೇರೆ ಏನೂ ತೋಚದೆ, ಅಕ್ಕನ ಹಲ್ಲು ಕಿತ್ತ ಸುದ್ದಿಯನ್ನೇ ಹೇಳಿದೆ. ನಿಧಾನವಾಗಿ ಮೂಗು ಹತ್ತಿರ ಬಂತು, ತುಟಿ ಸಿರಿಂಜನ್ನು ಮುಟ್ಟಿತು. ಬಾಯಿಯ ಮೂಲೆಯಿಂದ ಒಳಗೆ ಜಾರಿಸಿ ಒತ್ತಿದೆ, ಗದ್ದ ಮೇಲಕ್ಕೆ ಹಿಡಿದೆ. ರುಚಿ ತಿಳಿದಾಗ ಅದು ನನ್ನನ್ನು ನೋಡಿದ ನೋಟ ಮರೆಯಲಾರೆ, ಮೋಸ ಮಾಡಿದೆಯಲ್ಲ ಅನ್ನುವ ಹಾಗೆ. ಆದರೆ ನುಂಗಿತು. ಔಷಧಿ ಗಂಟಲಲ್ಲಿ ಇಳಿದದ್ದನ್ನು ನಾನೂ ಅಕ್ಕನೂ ಇಬ್ಬರೂ ನೋಡಿದೆವು.

"ವ್ಯಾನು ವಾಪಸ್ ತಗೊಂಡು ಹೋಗು," ಅಂದಳು ಅಕ್ಕ ದಲ್ಲಾಳಿಗೆ.

"ನೀವೇ ಕರೆಸಿದ್ದಲ್ಲಮ್ಮ?"

"ಇವರು ಕರೆಸಿದ್ದು. ನಾನು ಕಳಿಸ್ತಿದೀನಿ." ಆಮೇಲೆ ಭಾವನ ಕಡೆ ತಿರುಗಿ, "ಔಷಧಿ ಹಾಕಿದ ಮೇಲೂ ಹಾಗೇ ಇದ್ರೆ ಅಂತ ತಾನೇ ನೀವು ಹೇಳಿದ್ದು? ಔಷಧಿ ಹಾಕಿದ್ದು ಈಗ. ಲೆಕ್ಕ ಈಗಿಂದ," ಅಂದಳು. ಭಾವ ತಲೆಯಾಡಿಸಿದರು.

ಮುಂದಿನ ಬೆಳಿಗ್ಗೆ ನಾನು ಹಾಸಿಗೆಯಿಂದ ಏಳುವ ಮೊದಲೇ ಅಕ್ಕ ಅಂಗಳದಿಂದ ಕೂಗಿದಳು. ಏನು ಅನಾಹುತವೋ ಅಂತ ಓಡಿದೆ. ಅವಳು ಮೂಲೆ ಕೋಣೆಯಲ್ಲಿ ಲದ್ದಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಿಳಿಯ, ಉದ್ದನೆಯ, ಸತ್ತ ಹುಳಗಳು. "ನೋಡು, ನೋಡು, ಇನ್ನೊಂದು ಇಲ್ಲಿ," ಅಂತ ಕಡ್ಡಿಯಿಂದ ತೋರಿಸಿದಳು. ಚಿನ್ನ ಸಿಕ್ಕಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಆ ದಿನವಿಡೀ ಪೋನಿ ಮಂಕಾಗಿತ್ತು, ಹುಲ್ಲಿನಿಂದ ಮುಖ ತಿರುಗಿಸಿತು. ನಾವಿಬ್ಬರೂ ಸರದಿಯ ಮೇಲೆ ಅದರ ಹೊಟ್ಟೆಗೆ ಕಿವಿ ಹಚ್ಚಿ, ಒಳಗೆ ಗುಡುಗುಡು ಅನ್ನುತ್ತಿದೆಯೋ ಅಂತ ಕೇಳುತ್ತಿದ್ದೆವು. ನನ್ನ ಕಿವಿಗೆ ಕೇಳಿಸಿದ್ದನ್ನು ಅಕ್ಕ ನಂಬದೆ ತಾನೂ ಕಿವಿ ಇಡುತ್ತಿದ್ದಳು. ಸಂಜೆ ಅದು ಒಂದು ಹಿಡಿ ಹುಲ್ಲು ತಿಂದಿತು.

ನನ್ನ ಬೈಗುಳದ ಸುದ್ದಿಯನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪಾಯಿತು ಅನ್ನಬೇಕು ಅಂತ ಎಷ್ಟೋ ಸಲ ಅವಳ ಹತ್ತಿರ ಹೋಗಿ, ಉಪ್ಪು ಎಲ್ಲಿದೆ ಅಂತ ಕೇಳಿ ವಾಪಸ್ ಬಂದೆ.

ಮತ್ತೆ ಪರೀಕ್ಷೆಯ ದಿನ ಬಂತು. ಡಾಕ್ಟರಮ್ಮ ಲದ್ದಿ ಒಯ್ದು, ಮಧ್ಯಾಹ್ನ ಫೋನು ಮಾಡುತ್ತೇನೆ ಅಂದಿದ್ದರು. ಅಡುಗೆಮನೆಯಲ್ಲಿ ಫೋನನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕಡಿವಾಣದ ಹಿತ್ತಾಳೆ ಉಂಗುರ ಉಜ್ಜಲೆಂದೇ ಕೂತವರ ಹಾಗೆ ಕೂತಿದ್ದೆವು. ಅಕ್ಕ ಒಂದೇ ಉಂಗುರವನ್ನು ಎಷ್ಟು ಹೊತ್ತಿನಿಂದಲೋ ಉಜ್ಜುತ್ತಿದ್ದಳು.

"ನೀನು ಅವತ್ತು ನನ್ನನ್ನ ಅಂದೆಯಲ್ಲ," ಅಂದಳು, ತಲೆ ಎತ್ತದೆ. "ನನ್ನ ಎದೆ ಒಡೆದುಹೋಯ್ತು. ನಾನು ಮಾಡದೇ ಇರೋದನ್ನ ಮಾಡಿದ್ದೀಯಾ ಅಂದಾಗ, ಇಲ್ಲ ಅಂತ ಹೇಗೆ ತೋರಿಸೋದು ಅಂತಾನೇ ಗೊತ್ತಾಗ್ಲಿಲ್ಲ. ನಾನು ನಿಮಗೆಲ್ಲ ದಿನಾ ಹೀಗೇ ಮಾಡೋದಾ?"

ಇಲ್ಲ ಅಕ್ಕ ಅನ್ನಬಹುದಿತ್ತು. ಅಂದಿದ್ದರೆ ಅವಳಿಗೆ ಸುಳ್ಳು ಅಂತ ಗೊತ್ತಾಗುತ್ತಿತ್ತು, ಅದರಲ್ಲಿ ಅವಳನ್ನು ಮೀರಿಸುವವರಿಲ್ಲ.

"ಹೂಂ ಅಕ್ಕ, ಹೀಗೇ," ಅಂದೆ. "ಆದ್ರೂ ನಾನು ಅಂದದ್ದು ತಪ್ಪು. ನನ್ನನ್ನ ಕ್ಷಮಿಸಿ."

ಅವಳು ಉಂಗುರ ಕೆಳಗಿಟ್ಟಳು. ಏನೋ ಹೇಳಲು ಹೊರಟಳು, ಫೋನು ಹೊಡೆದುಕೊಂಡಿತು. ಅವಳ ಕೈ ಅದರ ಮೇಲೆ ಹೋಗಿ, ಅಲ್ಲೇ ನಿಂತು, ಹಿಂದಕ್ಕೆ ಬಂತು.

"ನೀನು ಎತ್ತು. ನನ್ನ ಕೈಲಿ ಆಗಲ್ಲ."

ಎತ್ತಿದೆ. ಡಾಕ್ಟರಮ್ಮ ಮಾತಾಡಿದರು. ನಾನು ಹೂಂಗುಟ್ಟಿದೆ. ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಇನ್ನೂ ಏನೋ ಹೇಳುತ್ತಿರುವಾಗಲೇ ನಾನು ಫೋನನ್ನು ಅವಳ ಕಡೆ ಚಾಚಿದೆ, ತಾನೇ ಕೇಳಿಕೊಳ್ಳಲಿ ಅಂತ. ಇಲ್ಲದಿದ್ದರೆ ಹೇಗಿದ್ದರೂ ಕಿತ್ತುಕೊಳ್ಳುತ್ತಾಳೆ.

ಅವಳು ಫೋನು ಮುಟ್ಟಲಿಲ್ಲ.

"ನೀನೇ ಹೇಳು," ಅಂದಳು.

"ಮೊಟ್ಟೆ ಒಂದೂ ಇಲ್ವಂತೆ. ಉಳೀತು ಅಕ್ಕ."

"ಸರಿ ಹಾಗಾದ್ರೆ," ಅಂದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ನೀನು ಹೇಳ್ದೆ ಅಂದ್ಮೇಲೆ ಆಯ್ತು. ಹೋಗು, ಅದನ್ನ ಹುಲ್ಲಿಗೆ ಬಿಡು."